ಬೆನ್ನು ಕೊಟ್ಟರೆ ಕತ್ತು: ಮೀಶಾ ಟೇಟ್ ಅವರ ವೃತ್ತಿಯನ್ನು ಓದುವ ಬಗೆ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಕುಸ್ತಿ, ಜೂಡೊ, ಬಾಕ್ಸಿಂಗ್ ಕಲಿಯುವವರು, ಕಲಿಸುವವರೇ ಹೆಚ್ಚು. ಹಾಗಾಗಿ ಎಂಎಂಎ, ಅಂದರೆ ಗುದ್ದು, ಒದೆತ, ಕುಸ್ತಿ ಎಲ್ಲ ಸೇರಿದ ಮಿಶ್ರ ಸಮರಕಲೆ, ಅಂದರೇನು ಎಂಬಲ್ಲಿಂದ ಶುರು ಮಾಡುವುದಿಲ್ಲ. ಒಬ್ಬ ಹೋರಾಟಗಾರ್ತಿಯ ಹೆಸರು ಕೇಳಿದ ಕೂಡಲೇ ನಾವು ಕೇಳುವ ಮೊದಲ ಪ್ರಶ್ನೆ, ಎಷ್ಟು ಗೆದ್ದಳು, ಎಷ್ಟು ಸೋತಳು ಎಂದು. ಅದು ಲೆಕ್ಕದ ಪುಸ್ತಕದವರ ಪ್ರಶ್ನೆ. ಅಖಾಡಕ್ಕೆ ಇಳಿಯುವವರು ಕೇಳಬೇಕಾದದ್ದು ಬೇರೆ. ಯಾವ ಪಟ್ಟಿಗೆ ಸೋತಳು? ಎಷ್ಟನೇ ಸುತ್ತಿನಲ್ಲಿ? ಮುಂದಿನ ಸಲ ಅದೇ ಪಟ್ಟು ಬಂದಾಗ ಏನು ಮಾಡಿದಳು? ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಆದರೆ ಇದನ್ನು ಬರೀ ಮಾತಿನಲ್ಲಿ ಹೇಳಿದರೆ ಆಗದು, ಎಂಎಂಎ ಹೋರಾಟಗಾರ್ತಿ ಮೀಶಾ ಟೇಟ್ ಅವರನ್ನು ಮುಂದಿಟ್ಟುಕೊಂಡು ಹೇಳುತ್ತೇನೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮದವರು, ಹುಟ್ಟಿದ್ದು 1986ರಲ್ಲಿ. ಶಾಲೆಯಲ್ಲಿ ಹುಡುಗರ ಜೊತೆ ಕುಸ್ತಿ ಆಡಿ ಬೆಳೆದವರು. 2011ರ ಜುಲೈನಲ್ಲಿ ಮಾರ್ಲೂಸ್ ಕೂನನ್ ಅವರನ್ನು ನಾಲ್ಕನೇ ಸುತ್ತಿನಲ್ಲಿ ಆರ್ಮ್ ಟ್ರಯಾಂಗಲ್ ಚೋಕ್ ಎಂಬ ಕತ್ತು ಬಿಗಿಯುವ ಪಟ್ಟಿನಿಂದ ಸೋಲಿಸಿ, ಸ್ಟ್ರೈಕ್‌ಫೋರ್ಸ್ ಎಂಬ ಎಂಎಂಎ ಸಂಸ್ಥೆಯ ಬ್ಯಾಂಟಮ್‌ವೇಟ್ ತೂಕದ ಚಾಂಪಿಯನ್ ಬೆಲ್ಟ್ ಪಡೆದರು. ಕೂನನ್ ನೆಲದ ಆಟದಲ್ಲಿ ಪಳಗಿದವರು. ಅವರನ್ನು ಅವರ ಜಾಗದಲ್ಲೇ ಗೆದ್ದದ್ದು ಸಣ್ಣ ಮಾತಲ್ಲ.

ಆಮೇಲೆ ಎದುರಿಗೆ ಬಂದವರು ಜೂಡೊದಿಂದ ಬಂದ ರೋಂಡಾ ರೌಸಿ. 2012ರ ಮಾರ್ಚ್‌ನಲ್ಲಿ ಮೊದಲ ಸುತ್ತಿನಲ್ಲೇ, 4 ನಿಮಿಷ 27 ಸೆಕೆಂಡಿಗೆ ಆರ್ಮ್‌ಬಾರ್, ಅಂದರೆ ಮೊಣಕೈ ಮುರಿಯುವ ಪಟ್ಟು; ಟೇಟ್ ಸೋತರು. 2013ರ ಡಿಸೆಂಬರ್‌ನಲ್ಲಿ ಮತ್ತೆ ರೌಸಿ, ಮತ್ತೆ ಆರ್ಮ್‌ಬಾರ್, ಆದರೆ ಮೂರನೇ ಸುತ್ತಿನಲ್ಲಿ. ದಾಖಲೆ ಪುಸ್ತಕದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಆ ದಿನದ ತನಕ ರೌಸಿ ಅವರ ಎದುರು ಮೊದಲ ಸುತ್ತು ದಾಟಿದವರೇ ಇರಲಿಲ್ಲ.

ಆರ್ಮ್‌ಬಾರ್ ಎಲ್ಲಿ ಕಚ್ಚುತ್ತದೆ ನೋಡಿ. ಮೊಣಕೈ ಬಾಗಿಲಿನ ತಿರುಗಣೆ ಇದ್ದ ಹಾಗೆ, ಒಂದೇ ಕಡೆಗೆ ಮಡಚುತ್ತದೆ. ಎದುರಾಳಿ ನಿಮ್ಮ ಮಣಿಕಟ್ಟನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಳ್ಳುತ್ತಾಳೆ, ನಿಮ್ಮ ಹೆಬ್ಬೆರಳು ಮೇಲಕ್ಕೆ ಮುಖ ಮಾಡಿರುತ್ತದೆ, ಅವಳ ಎರಡೂ ಮೊಣಕಾಲು ನಿಮ್ಮ ತೋಳನ್ನು ಇಕ್ಕಳದ ಹಾಗೆ ಬಿಗಿಯುತ್ತವೆ. ಆಮೇಲೆ ಸೊಂಟ ಎತ್ತಿದರೆ ಮುಗಿಯಿತು. ತಪ್ಪಿಸಿಕೊಳ್ಳುವುದಿದ್ದರೆ ಕೈ ನೇರವಾಗುವ ಮೊದಲೇ. ಎರಡೂ ಕೈ ಬೆಸೆದುಕೊಳ್ಳಬೇಕು, ಅವಳ ಮೇಲೆ ಭಾರ ಹಾಕಿ ಒರಗಬೇಕು, ಮೊಣಕೈಯನ್ನು ಅವಳ ಸೊಂಟದ ಗೆರೆ ದಾಟಿಸಿ ನೆಲದ ಕಡೆ ಎಳೆದುಕೊಳ್ಳಬೇಕು. ಕೈ ಪೂರ್ತಿ ಚಾಚಿದ ಮೇಲೆ ಉಳಿಯುವುದು ಟ್ಯಾಪ್ ಒಂದೇ, ಅಂದರೆ ಕೈ ತಟ್ಟಿ ಸೋಲೊಪ್ಪುವುದು. 2012ರಲ್ಲಿ ಟೇಟ್ ಮೊದಲು ಬಂದ ಆರ್ಮ್‌ಬಾರ್‌ನಿಂದ ಬಿಡಿಸಿಕೊಂಡರು, ಕೊನೆಗೆ ಬಂದದ್ದರಲ್ಲಿ ಟ್ಯಾಪ್ ತಡವಾಯಿತು, ಮೊಣಕೈಗೆ ಪೆಟ್ಟಾಯಿತು. ಇಲ್ಲಿರುವ ತರಬೇತುದಾರರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ: ಟ್ಯಾಪ್ ಮಾಡಿದ ಹುಡುಗಿಯನ್ನು ಹೀಯಾಳಿಸಬೇಡಿ. ಕ್ಷಣ ತಡವಾದರೆ ಅಸ್ಥಿರಜ್ಜು ಹೋಗುತ್ತದೆ, ತಿಂಗಳುಗಟ್ಟಲೆ ಅಭ್ಯಾಸ ಹೋಗುತ್ತದೆ.

ಈಗ ನಾನು ಎಲ್ಲಿ ಹೋದರೂ ಹೇಳುವ ಪಂದ್ಯಕ್ಕೆ ಬರೋಣ. 2016ರ ಮಾರ್ಚ್ 5, ಲಾಸ್ ವೇಗಸ್, ಯುಎಫ್‌ಸಿ ಎಂಬ ಎಂಎಂಎ ಸಂಸ್ಥೆಯ ಬ್ಯಾಂಟಮ್‌ವೇಟ್ ಬೆಲ್ಟ್‌ಗಾಗಿ ಚಾಂಪಿಯನ್ ಹಾಲಿ ಹೋಮ್ ಎದುರು ಮೀಶಾ ಟೇಟ್. ಹಿಂದಿನ ನವೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ 56,214 ಜನರ ಮುಂದೆ ಹೋಮ್ ಅವರು ರೌಸಿಯನ್ನು ಎಡಗಾಲಿನ ಒಂದು ಒದೆತಕ್ಕೆ ಕೆಡವಿದ್ದು ನಿಮಗೆಲ್ಲ ಗೊತ್ತು. ಹೋಮ್ ಬಾಕ್ಸಿಂಗ್‌ನಿಂದ ಬಂದವರು, ಎಡಗೈ ಹಿಂದಿಟ್ಟು ನಿಲ್ಲುವ ಸೌತ್‌ಪಾ. ನೀವು ಮುನ್ನುಗ್ಗಿದರೆ ಅವರಿಗೆ ಹಬ್ಬ. ಪಕ್ಕಕ್ಕೆ ಸರಿದು ನೇರ ಎಡಗೈ ಬಿಡುತ್ತಾರೆ. ರೌಸಿ ಮಾಡಿದ್ದು ಅದೇ ತಪ್ಪು, ನೇರ ಗೆರೆಯಲ್ಲಿ ನುಗ್ಗಿದ್ದು.

ಟೇಟ್ ನುಗ್ಗಲಿಲ್ಲ. ಮೊದಲ ಸುತ್ತು ಹೋಯಿತು, ಹೋಗಲಿ ಎಂದುಕೊಂಡರು. ಎರಡನೇ ಸುತ್ತಿನಲ್ಲಿ ಕಾಲಿಗೆ ಕೈ ಹಾಕಿ ಕೆಡವಿ, ಬೆನ್ನು ಹಿಡಿದು, ಕತ್ತಿಗೆ ತೋಳು ಹಾಕಿದರು. ಹೋಮ್ ಹೇಗೋ ಉಳಿದುಕೊಂಡರು. ಸುತ್ತು ಗೆದ್ದವರಿಗೆ 10, ಸೋತವರಿಗೆ ಸಾಮಾನ್ಯವಾಗಿ 9 ಅಂಕ; ತೀರಾ ಮೇಲುಗೈ ಆದರೆ 8. ತೀರ್ಪುಗಾರರು ಆ ಸುತ್ತನ್ನು ಟೇಟ್‌ಗೆ 10-8 ಕೊಟ್ಟರು. ಮೂರು, ನಾಲ್ಕನೇ ಸುತ್ತು ಮತ್ತೆ ಹೋಮ್‌ಗೆ. ಈಗ ಕೂಡಿಸಿ: ಹೋಮ್ 38, ಟೇಟ್ 37. ಕೊನೆಯ ಸುತ್ತನ್ನು ಟೇಟ್ 10-9ರಿಂದ ಗೆದ್ದರೂ 47-47, ಅಂದರೆ ಡ್ರಾ. ಡ್ರಾ ಆದರೆ ಬೆಲ್ಟ್ ಚಾಂಪಿಯನ್ ಸೊಂಟದಲ್ಲೇ ಉಳಿಯುತ್ತದೆ. ಅಂಕದಿಂದ ಬೆಲ್ಟ್ ಸಿಗಬೇಕಾದರೆ ಇನ್ನೊಂದು 10-8 ಬೇಕು. ಇಲ್ಲವೇ ಪಂದ್ಯವನ್ನೇ ಮುಗಿಸಬೇಕು.

ಅರ್ಧ ಸುತ್ತು ಕಳೆಯಿತು, ಏನೂ ಆಗಲಿಲ್ಲ. ಆಮೇಲೆ ಟೇಟ್ ಒಳನುಗ್ಗಿ ಸೊಂಟ ಹಿಡಿದರು, ಕೆಡವಿದರು. ಹೋಮ್ ಏಳಲು ಹೊರಟರು. ಏಳಬೇಕಾದರೆ ತಿರುಗಬೇಕು, ತಿರುಗಿದರೆ ಬೆನ್ನು ಕೊಡಬೇಕು. ಬೆನ್ನು ಕೊಟ್ಟರೆ ಕತ್ತು ಹೋಗುತ್ತದೆ. ಟೇಟ್ ಬೆನ್ನೇರಿದರು. ಹೋಮ್ ತಮ್ಮ ಬೆನ್ನ ಮೇಲಿದ್ದ ಟೇಟ್‌ರನ್ನು ಹೊತ್ತುಕೊಂಡೇ ಎದ್ದು, ಮುಂದಕ್ಕೆ ಬಾಗಿ ಕೊಡವಿ ಎಸೆಯಲು ನೋಡಿದರು. ಕತ್ತಿಗೆ ಸುತ್ತಿದ ಟೇಟ್ ತೋಳು ಬಿಡಲಿಲ್ಲ. ಇಬ್ಬರೂ ಕೆಳಗೆ ಬಿದ್ದರು. ಆಗ ಹೋಮ್ ಮಾಡಿದ್ದು ಏನು ಗೊತ್ತೇ? ಟ್ಯಾಪ್ ಮಾಡಬೇಕಾದ ಕೈಗಳಿಂದ ಗಾಳಿಗೆ ಗುದ್ದಿದರು. ಎದುರಿಗೆ ಯಾರೂ ಇಲ್ಲ. ಗುದ್ದುತ್ತಾ ಗುದ್ದುತ್ತಾ ಕೈ ಸೋತು ಬಿತ್ತು, ಪ್ರಜ್ಞೆ ಹೋಯಿತು. ಐದನೇ ಸುತ್ತು, 3 ನಿಮಿಷ 30 ಸೆಕೆಂಡ್.

ಬಾಕ್ಸಿಂಗ್‌ನವರು ಸಾಯುವ ಹೊತ್ತಲ್ಲೂ ಗುದ್ದುತ್ತಾರೆ ಎಂದು ಜನ ಇದನ್ನು ಹೊಗಳುತ್ತಾರೆ. ನನಗೆ ಆ ಧೈರ್ಯದ ಮೇಲೆ ಗೌರವವಿದೆ. ಆದರೆ ಆ ಹೊತ್ತಿಗೆ ಕೈ ಇರಬೇಕಾದದ್ದು ಕತ್ತಿನ ಬಳಿ. ಬೆನ್ನ ಹಿಂದಿನಿಂದ ಕತ್ತಿಗೆ ತೋಳು ಹಾಕುವ ಈ ರಿಯರ್ ನೇಕೆಡ್ ಚೋಕ್ ಉಸಿರು ಕಟ್ಟಿಸುವ ಪಟ್ಟಲ್ಲ, ರಕ್ತ ಕಟ್ಟಿಸುವ ಪಟ್ಟು. ಮೊಣಕೈಯ ಒಳಮಡಿಕೆ ಗಂಟಲಿನ ನೇರಕ್ಕೆ ಬಂದು ಕೂರುತ್ತದೆ, ಒಂದು ಬದಿಯ ರಕ್ತನಾಳವನ್ನು ತೋಳಿನ ಸ್ನಾಯು, ಇನ್ನೊಂದನ್ನು ಮುಂಗೈ ಅದುಮುತ್ತದೆ. ಸರಿಯಾಗಿ ಕೂತರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಕಣ್ಣು ಕತ್ತಲಾಗುತ್ತದೆ. ತಪ್ಪಿಸಿಕೊಳ್ಳಲು ಎರಡೂ ಕೈಯಿಂದ ಎದುರಾಳಿಯ ಒಂದು ಕೈ ಹಿಡಿದು ಕೆಳಗೆಳೆಯಬೇಕು, ಗದ್ದ ಒಳಗಿಡಬೇಕು, ನಿಮ್ಮ ಭುಜ ನೆಲಕ್ಕೆ ತಾಗುವ ಹಾಗೆ ಜಾರಬೇಕು. ಎರಡನೇ ಸುತ್ತಿನಲ್ಲಿ ಒಮ್ಮೆ ಕಂಡ ಪಟ್ಟು ಐದನೇ ಸುತ್ತಿನಲ್ಲಿ ಮತ್ತೆ ಬಂದಿತ್ತು. ಯಾವ ಪಟ್ಟು, ಮತ್ತೆ ಬಂದಾಗ ಏನು ಮಾಡಿದಳು ಎಂದು ನಾನು ಕೇಳುವುದು ಇದಕ್ಕೇ.

ತೂಕದ ಬಗ್ಗೆ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಬ್ಯಾಂಟಮ್‌ವೇಟ್ ಅಂದರೆ 135 ಪೌಂಡ್, 61.2 ಕಿಲೊ. ಬೆಲ್ಟ್ ಪಂದ್ಯವಲ್ಲದಿದ್ದರೆ ಒಂದು ಪೌಂಡ್ ರಿಯಾಯಿತಿ, ಬೆಲ್ಟ್ ಪಂದ್ಯಕ್ಕೆ ಅದೂ ಇಲ್ಲ. ದಿನನಿತ್ಯ 66-67 ಕಿಲೊ ಇರುವವಳು ಕೊನೆಯ ವಾರ ಉಪ್ಪು, ಅನ್ನ-ರೊಟ್ಟಿ, ನಾರಿನ ಪದಾರ್ಥ ಕಡಿಮೆ ಮಾಡುತ್ತಾಳೆ. ನೀರು ಮಾತ್ರ ಮೊದಲು ಹೆಚ್ಚಿಸುತ್ತಾಳೆ, ದಿನಕ್ಕೆ ಆರೇಳು ಲೀಟರ್, ಆಮೇಲೆ ಮೂರು, ಒಂದು, ಕೊನೆಗೆ ಗುಟುಕು. ಮೂತ್ರಪಿಂಡ ಹಳೆಯ ರೂಢಿಯಲ್ಲೇ ನೀರು ಹೊರಹಾಕುತ್ತಿರುತ್ತದೆ. ಉಳಿದದ್ದಕ್ಕೆ ಬಿಸಿನೀರಿನ ತೊಟ್ಟಿ, ಸೌನಾ ಎಂಬ ಬೆವರಿಳಿಸುವ ಬಿಸಿ ಕೋಣೆ. ಇದನ್ನು ಒಬ್ಬಳೇ ಮಾಡಲೇಬಾರದು. ಬೆವರು ನಿಂತರೆ, ಮಾತು ತೊದಲಿದರೆ ಅಲ್ಲಿಗೇ ನಿಲ್ಲಿಸಿ, ಪಂದ್ಯ ಹೋದರೆ ಹೋಗಲಿ. ಮಹಿಳೆಯರಿಗೆ ಇನ್ನೊಂದು ಲೆಕ್ಕ ಇದೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಮೈ ನೀರು ಹಿಡಿದುಕೊಳ್ಳುವುದರಿಂದ ಕೆಲವರಿಗೆ ಕಿಲೊಗಟ್ಟಲೆ ಏರುಪೇರಾಗುತ್ತದೆ. ಗಂಡಸು ತರಬೇತುದಾರರು ಇದನ್ನು ಕೇಳಲು ನಾಚುತ್ತಾರೆ. ನಾಚಬೇಡಿ, ಪಂದ್ಯದ ದಿನಾಂಕದ ಪಕ್ಕದಲ್ಲೇ ಬರೆದಿಡಿ. ಸತತ ಮೂರು ತಿಂಗಳು ಮುಟ್ಟು ನಿಂತಿದ್ದರೆ ಅದು ಶಿಸ್ತಲ್ಲ, ತಿನ್ನುವುದು ಸಾಲುತ್ತಿಲ್ಲ ಎಂದರ್ಥ. ಮೂಳೆ ಸವೆಯುತ್ತದೆ, ವೈದ್ಯರ ಬಳಿ ಕರೆದುಕೊಂಡು ಹೋಗಿ.

ಸಮಯದ ಚೀಟಿ ಬಂತು. ಹಣ, ಕರಾರಿನ ವಿಷಯ ಬಿಡುತ್ತೇನೆ. ಒಂದು ಮಾತು ಮಾತ್ರ: ಎಷ್ಟೋ ಕರಾರುಗಳಲ್ಲಿ ಆಡಿದ್ದಕ್ಕೆ ಒಂದು ಮೊತ್ತ, ಗೆದ್ದರೆ ಅಷ್ಟೇ ಇನ್ನೊಂದು. ಸಹಿ ಹಾಕುವ ಮೊದಲು ಗೆಲುವಿನ ಮೊತ್ತ ಬದಿಗಿಟ್ಟು ಖರ್ಚಿನ ಲೆಕ್ಕ ಹಾಕಿ.

ಬೆಲ್ಟ್ ಟೇಟ್ ಬಳಿ ನಾಲ್ಕು ತಿಂಗಳು ಇತ್ತು. ಅದೇ ವರ್ಷ ಜುಲೈ 9ರಂದು ಅಮಾಂಡಾ ನ್ಯೂನ್ಸ್ ಮೊದಲ ಸುತ್ತಿನಲ್ಲೇ ಗುದ್ದಿ ಕುಗ್ಗಿಸಿ, ಬೆನ್ನು ಹಿಡಿದು, ಕತ್ತಿಗೆ ಅದೇ ತೋಳು ಹಾಕಿದರು. ಟೇಟ್ ಟ್ಯಾಪ್ ಮಾಡಿದರು. ಹೋಮ್ ಮಾಡದೇ ಇದ್ದದ್ದನ್ನು ಮಾಡಿದರು, ಪ್ರಜ್ಞೆ ಇಟ್ಟುಕೊಂಡೇ ಎದ್ದು ನಿಂತರು. ನವೆಂಬರ್‌ನಲ್ಲಿ ರಾಕೆಲ್ ಪೆನ್ನಿಂಗ್ಟನ್‌ಗೆ ಸೋತ ಮೇಲೆ ಕೇಜ್‌ನಲ್ಲೇ, ಅಂದರೆ ಜಾಲರಿ ಕಟ್ಟಿದ ಅಖಾಡದಲ್ಲೇ, ನಿವೃತ್ತಿ ಹೇಳಿದರು. ಎರಡು ಮಕ್ಕಳಾದವು. 2021ರಲ್ಲಿ ಮತ್ತೆ ಬಂದು ಮರಿಯನ್ ರೆನೊ ಅವರನ್ನು ಗೆದ್ದರು. 2022ರಲ್ಲಿ ಫ್ಲೈವೇಟ್‌ಗೆ, ಅಂದರೆ 56.7 ಕಿಲೊಗೆ ಇಳಿದು ನೋಡಿದರು, ಲಾರೆನ್ ಮರ್ಫಿ ಎದುರು ಸೋತರು, ಮತ್ತೆ ಬ್ಯಾಂಟಮ್‌ವೇಟ್‌ಗೆ ಏರಿದರು.

2023ರ ಡಿಸೆಂಬರ್ 2, ಟೆಕ್ಸಸ್‌ನ ಆಸ್ಟಿನ್. ಎದುರಿಗೆ ಜೂಲಿಯಾ ಆವಿಲಾ. ಟೇಟ್‌ಗೆ ಆಗ 37 ವರ್ಷ. ಮೂರನೇ ಸುತ್ತು, ಬೆನ್ನು ಸಿಕ್ಕಿತು, ಗದ್ದದ ಕೆಳಗೆ ತೋಳು ಹೋಯಿತು. ಆವಿಲಾ ಟ್ಯಾಪ್ ಮಾಡಿದರು. ಹೋಮ್‌ಗೆ ಹಾಕಿದ ಅದೇ ಪಟ್ಟು, ಹೆಚ್ಚುಕಡಿಮೆ ಎಂಟು ವರ್ಷದ ಮೇಲೆ.

ಪ್ರಶ್ನೆಗಳಿಗೆ ಬರೋಣ. ಮುಂದಿನ ಸಾಲಿನಲ್ಲಿ ಕೈ ಎತ್ತಿದ್ದೀಯಲ್ಲ ಮಗಳೇ, ಕೇಳು.