19 ಶಿಲಿಂಗ್ 11 ಪೆನ್ಸ್: ಅರವತ್ತರ ದಶಕದ ಬ್ರಿಟನ್ನಿನ ಒಂದು ಶನಿವಾರ

[ಪರದೆ: ಬಟ್ಟೆ ಅಂಗಡಿಯ ಹಳೇ ಬೆಲೆ ಚೀಟಿ. ಅದರ ಮೇಲೆ 19/11 ಅಂತ ಬರೆದಿದೆ]

ಇದು ತಾರೀಕಲ್ಲ, ಬೆಲೆ. 19 ಶಿಲಿಂಗ್ 11 ಪೆನ್ಸ್, ಅಂದ್ರೆ ಒಂದು ಪೌಂಡಿಗೆ ಒಂದೇ ಒಂದು ಪೆನ್ನಿ ಕಮ್ಮಿ. ಇವತ್ತು ಚಪ್ಪಲಿ ಡಬ್ಬದ ಮೇಲೆ 999 ರೂಪಾಯಿ ಅಂತ ಬರೆಯೋದೂ ಇದೇ ಲೆಕ್ಕದಲ್ಲಿ.

ಅರವತ್ತರ ದಶಕದ ಬ್ರಿಟನ್ನನ್ನ ನೆನೆಸ್ಕೊಳ್ಳೋರು ಕಿರಾಣಿ ಅಂಗಡಿಯ ವಾಸನೆ, ಡ್ಯಾನ್ಸ್ ಹಾಲಿನ ದೀಪ, ಬ್ಯಾಂಡು ಅಂತ ಮಾತಾಡ್ತಾರೆ. ನಾವು ಇವತ್ತು ನೋಡೋದು ಅಲ್ಲಿ ಕೆಲಸ ಹೇಗೆ ನಡೀತಿತ್ತು ಅನ್ನೋದನ್ನ. ಮಧ್ಯಾಹ್ನದ ಅಂಗಡಿ, ರಾತ್ರಿಯ ಡ್ಯಾನ್ಸ್ ಹಾಲ್, ಎರಡರಲ್ಲೂ ಇನ್ನೊಬ್ಬರು ಕೈ ಜೋಡಿಸದೆ ನಿಮಗೆ ಏನೂ ಸಿಗ್ತಿರಲಿಲ್ಲ.

[ಪರದೆ: ನಾಣ್ಯಗಳು ಒಂದೊಂದಾಗಿ]

ಮೊದಲು ದುಡ್ಡು. 12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್. 12 ಪೈಗೆ ಒಂದಾಣೆ, 16 ಆಣೆಗೆ ಒಂದು ರೂಪಾಯಿ ಅಂತ ಎಣಿಸಿದ್ದ ನಮ್ಮ ಅಜ್ಜಿಯರಿಗೆ ಇದೇನೂ ಕಷ್ಟ ಆಗ್ತಿರಲಿಲ್ಲ. ನಾವು 1957ರಲ್ಲೇ ನಯಾಪೈಸೆಗೆ ಬಂದ್ವಿ. ಬ್ರಿಟನ್ ಬದಲಾಗಿದ್ದು 1971ರ ಫೆಬ್ರವರಿ 15ಕ್ಕೆ.

ಒಂದು ಬಿಲ್ ಕೂಡಿ ನೋಡೋಣ. 3 ಶಿಲಿಂಗ್ 8 ಪೆನ್ಸ್, 1 ಶಿಲಿಂಗ್ 7 ಪೆನ್ಸ್, 1 ಶಿಲಿಂಗ್ 11 ಪೆನ್ಸ್. ಪೆನ್ಸ್ ಸಾಲು 26. ಹನ್ನೆರಡೆರಡ್ಲಿ 24 ಹೋಗಿ ಉಳಿದಿದ್ದು 2, ಕೈಯಲ್ಲಿ 2. ಶಿಲಿಂಗ್ ಸಾಲು 5, ಕೈಯಲ್ಲಿದ್ದ 2 ಸೇರಿ 7. ಒಟ್ಟು 7 ಶಿಲಿಂಗ್ 2 ಪೆನ್ಸ್. ಹತ್ತಕ್ಕೊಂದು ಅಂತ ಕೈಗೆ ತಗೊಂಡ್ರೋ, ಇಡೀ ಬಿಲ್ ಕೆಟ್ಟಿತು. 10 ಶಿಲಿಂಗ್ ನೋಟು ಕೊಟ್ರೆ ಅಂಗಡಿಯವರು ಕಳೆಯೋಕೆ ಹೋಗ್ತಿರಲಿಲ್ಲ, ಬಿಲ್ಲಿನಿಂದ ಮೇಲಕ್ಕೆ ಎಣಿಸ್ತಿದ್ರು: 10 ಪೆನ್ಸ್ ಇಟ್ಟು ‘ಎಂಟು’, 2 ಶಿಲಿಂಗಿನ ನಾಣ್ಯ ಇಟ್ಟು ‘ಹತ್ತು’.

ಪೆನ್ನಿಯಲ್ಲಿ ಕಾಲು ಭಾಗದ ಫಾರ್ದಿಂಗ್ ಅನ್ನೋ ನಾಣ್ಯವೂ ಇತ್ತು. 11¾ ಪೆನ್ಸ್ ಅಂತ ಬೆಲೆ ಹಾಕಿದ ಬಟ್ಟೆ ಅಂಗಡಿಯವರು ಫಾರ್ದಿಂಗ್ ಚಿಲ್ಲರೆ ಬದಲು ಗುಂಡುಸೂಜಿ ಚುಚ್ಚಿದ ಒಂದು ಕಾಗದ ಕೊಟ್ಟು ಕಳಿಸ್ತಿದ್ರು. 1960ರ ಕೊನೆಗೆ ಫಾರ್ದಿಂಗ್ ಚಲಾವಣೆ ನಿಂತಿತು.

[ಪರದೆ: ಕಿರಾಣಿ ಅಂಗಡಿಯ ಕೌಂಟರ್]

ಸಾಮಾನು ಕೌಂಟರಿನ ಆಚೆ, ನೀವು ಈಚೆ. ಸಕ್ಕರೆ ನೀಲಿ ಕಾಗದದ ಪೊಟ್ಟಣದಲ್ಲಿ. ಬಿಸ್ಕತ್ತು ಗಾಜಿನ ಮುಚ್ಚಳದ ತಗಡಿನ ಡಬ್ಬದಲ್ಲಿ, ಮುರಿದ ಚೂರುಗಳಿಗೆ ರೇಟು ಕಡಿಮೆ. ಬೇಕನ್, ಅಂದ್ರೆ ಉಪ್ಪಲ್ಲಿ ಹದ ಮಾಡಿದ ಹಂದಿ ಮಾಂಸ, ಕೇಳುವಾಗ ನಂಬರ್ ಹೇಳಬೇಕಿತ್ತು. ಅದು ಕೊಯ್ಯುವ ಯಂತ್ರದ ಮೇಲಿನ ದಪ್ಪದ ಗುರುತು.

ಬೆಣ್ಣೆಯದು ನಿಜವಾದ ಕಸುಬು. 56 ಪೌಂಡಿನ, ಅಂದ್ರೆ ಸುಮಾರು 25 ಕಿಲೋದ ಗಟ್ಟಿಯಿಂದ ಅರ್ಧ ಪೌಂಡ್ ಕತ್ತರಿಸಿ, ಗೀರು ಗೀರಾಗಿರುವ ಎರಡು ಮರದ ಹಲಗೆಗಳ ಮಧ್ಯೆ ತಟ್ಟಿ ಇಟ್ಟಿಗೆ ಆಕಾರಕ್ಕೆ ತರಬೇಕು. ಹಲಗೆಗಳನ್ನ ಆಗಾಗ ತಣ್ಣೀರಲ್ಲಿ ಅದ್ದುತ್ತಲೇ ಇರಬೇಕು. ಹಲಗೆ ಒಣಗಿದ್ರೆ ಬೆಣ್ಣೆ ಅದಕ್ಕೇ ಅಂಟ್ಕೊಂಡು ಕಿತ್ತು ಬರುತ್ತೆ, ತೂಕವೂ ತಪ್ಪುತ್ತೆ.

[ಪರದೆ: ತಲೆ ಮೇಲಿನ ತಂತಿಯಲ್ಲಿ ಓಡುವ ಮರದ ಬಟ್ಟಲು]

ಇಂಥ ಜಿಡ್ಡಿನ ಕೈಯಲ್ಲಿ ದುಡ್ಡು ಮುಟ್ಟಬಾರದು. ಹತ್ತು ಕೌಂಟರಿಗೆ ಹತ್ತು ಗಲ್ಲಾ ಪೆಟ್ಟಿಗೆ ಇಟ್ಟರೆ ಕಾಯೋದೂ ಕಷ್ಟ. ಅದಕ್ಕೇ ದೊಡ್ಡ ಅಂಗಡಿಗಳಲ್ಲಿ ಲ್ಯಾಮ್ಸನ್ ಕಂಪನಿಯ ತಂತಿ ವ್ಯವಸ್ಥೆ ಇತ್ತು. ಬಿಲ್ಲು, ದುಡ್ಡು ಎರಡನ್ನೂ ಮರದ ಬಟ್ಟಲಿಗೆ ಹಾಕಿ, ಬಟ್ಟಲನ್ನ ಗಾಲಿಯ ಕೆಳಗೆ ತಿರುಗಿಸಿ ಸಿಕ್ಕಿಸಿ, ಹಿಡಿ ಎಳೆದು ಬಿಡೋದು. ರಬ್ಬರ್ ಹುರಿ ಚಾಟರ್‌ಬಿಲ್ಲಿನ ಹಾಗೆ ಹಿಗ್ಗಿ, ಗಾಲಿ ತಂತಿಯ ಮೇಲೆ ಹಾರಿ, ಎತ್ತರದ ಗೂಡಲ್ಲಿ ಕೂತ ಕ್ಯಾಷಿಯರ್ ಹತ್ತಿರ ಹೋಗುತ್ತೆ. ಚಿಲ್ಲರೆ ಅದೇ ದಾರೀಲಿ ವಾಪಸ್. ಅರೆಮನಸ್ಸಿನಿಂದ ಎಳೆದ್ರೆ ಗಾಲಿ ನಡುದಾರಿಯಲ್ಲೇ ನಿಲ್ಲುತ್ತೆ, ಕೋಲಿನಿಂದ ತಳ್ಳಬೇಕು. ಬಟ್ಟಲು ಪೂರ್ತಿ ತಿರುಗಿಸದೆ ಬಿಟ್ಟರೆ ಗಿರಾಕಿಗಳ ತಲೆ ಮೇಲೆ ಚಿಲ್ಲರೆ ಮಳೆ.

ಕೋ-ಆಪ್, ಅಂದ್ರೆ ಸಹಕಾರ ಸಂಘದ ಅಂಗಡಿಯಲ್ಲಿ ಇನ್ನೊಂದು ಇತ್ತು: ಡಿವಿ. ಡಿವಿಡೆಂಡ್ ಅನ್ನೋದರ ಚಿಕ್ಕ ರೂಪ, ವ್ಯಾಪಾರ ಮಾಡಿದ ಸದಸ್ಯರಿಗೆ ವಾಪಸ್ ಬರೋ ಲಾಭದ ಪಾಲು. 1844ರಲ್ಲಿ ರೋಚ್‌ಡೇಲಿನ ಕಾರ್ಮಿಕರು ಶುರು ಮಾಡಿದ ಸಹಕಾರಿ ಪದ್ಧತಿ. ಪ್ರತಿ ಸಲ ಸದಸ್ಯರ ನಂಬರ್ ಹೇಳಬೇಕು, ಚೀಟಿಯ ಕಾರ್ಬನ್ ಪ್ರತಿ ಆಫೀಸಿಗೆ ಹೋಗುತ್ತೆ. ಪೌಂಡಿಗೆ 1 ಶಿಲಿಂಗ್ 6 ಪೆನ್ಸ್ ಡಿವಿ ಘೋಷಣೆ ಆದರೆ 10 ಪೌಂಡಿನ ವ್ಯಾಪಾರಕ್ಕೆ 15 ಶಿಲಿಂಗ್ ವಾಪಸ್. ಎಷ್ಟೋ ಮನೆಗಳಲ್ಲಿ ಮಕ್ಕಳ ಬೂಟು ಬರ್ತಿದ್ದಿದ್ದೇ ಈ ದುಡ್ಡಲ್ಲಿ. ಅಮ್ಮನ ಡಿವಿ ನಂಬರ್ ಮುಪ್ಪಿನಲ್ಲೂ ಬಾಯಲ್ಲಿರೋದು ಸುಮ್ಮನೆ ಅಲ್ಲ.

ಈ ಕೌಂಟರ್ ಪದ್ಧತಿಗೆ ಪೆಟ್ಟು ಕೊಟ್ಟಿದ್ದು 1964ರ ಕಾನೂನು. ಅಲ್ಲಿವರೆಗೆ ಬಹಳಷ್ಟು ಸರಕಿಗೆ ತಯಾರಕರು ಹೇಳಿದ್ದೇ ಬೆಲೆ, ಅಂಗಡಿಯವರು ಇಳಿಸೋ ಹಾಗಿರಲಿಲ್ಲ. ಆ ಕಟ್ಟು ಸಡಿಲ ಆದ ಮೇಲೆ ಸೂಪರ್ ಮಾರ್ಕೆಟ್ ಬೆಲೆ ಇಳಿಸಿತು. ಗಿರಾಕಿಯೇ ಬುಟ್ಟಿ ಹಿಡಿದು ಸಾಮಾನು ಎತ್ತಿಕೊಂಡ್ರೆ ಬೆಣ್ಣೆ ತಟ್ಟೋರ ಸಂಬಳ ಉಳೀತು, ಬಾಗಿಲಲ್ಲಿ ಗಲ್ಲಾ ಇಟ್ಟರೆ ತಂತಿಯೂ ಬೇಡವಾಯ್ತು.

[ಪರದೆ: ಸಂಜೆ. ಡ್ಯಾನ್ಸ್ ಹಾಲಿನ ಬಾಗಿಲು]

ಈಗ ರಾತ್ರಿ. ಹಾಲಿಗೆ ಹೋದ್ರೆ ಮೊದಲು ನೆಲ ನೋಡಿ. ಬ್ಲ್ಯಾಕ್‌ಪೂಲ್ ಟವರ್ ಬಾಲ್‌ರೂಮಿನದು ಮಹಾಗನಿ, ಓಕ್, ವಾಲ್‌ನಟ್ ಮರದ 30,602 ತುಂಡುಗಳಿಂದ ಜೋಡಿಸಿದ ನೆಲ. ಒಳ್ಳೆ ಹಾಲುಗಳಲ್ಲಿ ಹಲಗೆ ಕೆಳಗೆ ಸ್ಪ್ರಿಂಗ್ ಇಲ್ಲವೇ ಬಾಗುವ ಪಟ್ಟಿ ಇರ್ತಿತ್ತು, ಮೂರು ಗಂಟೆ ಕುಣಿದ್ರೂ ಮಂಡಿ ನೋಯಬಾರದು ಅಂತ. ಕಾಲು ಜಾರಲಿ ಅಂತ ಫ್ರೆಂಚ್ ಚಾಕ್ ಎರಚೋರು. ಅದು ಬಳಪದ ಕಲ್ಲಿನ ನುಣ್ಣನೆ ಪುಡಿ. ಕಮ್ಮಿಯಾದ್ರೆ ಬೂಟು ಹಿಡಿಯುತ್ತೆ, ಹೆಚ್ಚಾದ್ರೆ ಜೋಡಿ ಸಮೇತ ಬೀಳೋದೇ. ನೆಲದ ಶತ್ರು ಅಂದ್ರೆ ಸ್ಟಿಲೆಟ್ಟೋ ಹಿಮ್ಮಡಿ: ತುದಿಯ ತುಂಡು ಸವೆದು ಒಳಗಿನ ಉಕ್ಕಿನ ಕಡ್ಡಿ ಹೊರಬಂದ್ರೆ, ಇಡೀ ದೇಹದ ಭಾರ ಆ ಒಂದು ಚುಕ್ಕೆ ಮೇಲೆ ಬಿದ್ದು ಮರಕ್ಕೆ ಗುಳಿ ಬೀಳುತ್ತೆ.

ವೇಗದಲ್ಲೂ ಕಟ್ಟುನಿಟ್ಟು. ವಾಲ್ಟ್ಸ್ ಅನ್ನೋ ಜೋಡಿ ನೃತ್ಯಕ್ಕೆ ನಿಮಿಷಕ್ಕೆ ಸುಮಾರು 30 ಆವರ್ತ, ಆವರ್ತಕ್ಕೆ 3 ಪೆಟ್ಟು. ಕ್ವಿಕ್‌ಸ್ಟೆಪ್ ಅನ್ನೋ ಚುರುಕು ನೃತ್ಯಕ್ಕೆ ಸುಮಾರು 50, ಆವರ್ತಕ್ಕೆ 4. ವಿಕ್ಟರ್ ಸಿಲ್ವೆಸ್ಟರ್ 1935ರಿಂದ ತಮ್ಮ ವಾದ್ಯವೃಂದದಲ್ಲಿ ಈ ಶಿಸ್ತನ್ನ ಬಿಡದೆ ಹಿಡಿದ್ರು. ಲಯ ತಪ್ಪದಿದ್ರೇ ತಾನೆ, ಗುರುತಿಲ್ಲದ ಇಬ್ಬರು ಮೊದಲ ಸಲ ಕೈ ಹಿಡಿದಾಗಲೂ ಹೆಜ್ಜೆ ಕೂಡೋದು?

ಲೊಕಾರ್ನೋ ಹೆಸರಿನ ಹಾಲುಗಳಲ್ಲಿ ತಿರುಗುವ ವೇದಿಕೆ ಇರ್ತಿತ್ತು. ಒಂದು ಬ್ಯಾಂಡ್ ನುಡಿಸ್ತಾ ಹಿಂದಕ್ಕೆ ಸರೀತಿದ್ರೆ, ಇನ್ನೊಂದು ಅದೇ ರಾಗ ಎತ್ತಿಕೊಂಡು ಮುಂದೆ ಬರ್ತಿತ್ತು. ಸಂಗೀತ ನಿಂತ್ರೆ ಜನ ನೆಲ ಬಿಡ್ತಾರೆ, ಅದಕ್ಕೇ ಈ ಏರ್ಪಾಡು.

ಕುಣಿಯೋಕೆ ಕರೆಯೋ ಮಾತಿಗೂ ಒಂದು ಪಾಠ ಇತ್ತು. ಗ್ಲಾಸ್ಗೋದಲ್ಲಿ ಅದು ಹೀಗೆ: “ಕುಣೀತೀಯಾ?” “ಕರೀತಿದ್ದೀಯಾ?” “ಹೂಂ, ಕರೀತಿದ್ದೀನಿ.” “ಹಂಗಾದ್ರೆ ಕುಣೀತೀನಿ.” ‘ಎಕ್ಸ್‌ಕ್ಯೂಸ್ ಮಿ’ ನೃತ್ಯದಲ್ಲಿ ಯಾರಾದ್ರೂ ಭುಜ ತಟ್ಟಿದ್ರೆ ಜೋಡಿ ಬಿಟ್ಟುಕೊಡಬೇಕು.

[ಪರದೆ: ಮುಚ್ಚಿದ ಬಾಗಿಲು]

ಈ ನೆನಪಿನಲ್ಲಿ ಬಾಗಿಲ ಹೊರಗೇ ನಿಂತವರೂ ಇದ್ದಾರೆ, ಅವರನ್ನ ಬಿಟ್ಟು ಈ ಕಥೆ ಹೇಳೋದು ಸರಿಯಲ್ಲ. 1958ರಲ್ಲಿ ವುಲ್ವರ್‌ಹ್ಯಾಂಪ್ಟನ್ನಿನ ಸ್ಕಾಲಾ ಬಾಲ್‌ರೂಮ್ ಕರಿಯರನ್ನ ಒಳಗೆ ಬಿಡಲ್ಲ ಅಂದಾಗ, ಸಂಗೀತಗಾರರ ಸಂಘ ಅಲ್ಲಿ ನುಡಿಸಬೇಡಿ ಅಂತ ತನ್ನ ಸದಸ್ಯರಿಗೆ ಹೇಳಿತು. ಮಾಲೀಕರು ಕೋರ್ಟಿಗೆ ಹೋದ್ರು, ಕೋರ್ಟು ಸಂಘವನ್ನ ತಡೆಯಲಿಲ್ಲ. 1965ರ ಜನಾಂಗ ಸಂಬಂಧ ಕಾಯ್ದೆ ಡ್ಯಾನ್ಸ್ ಹಾಲಿನ ಈ ತಾರತಮ್ಯವನ್ನ ಕಾನೂನುಬಾಹಿರ ಮಾಡಿತು. ಅಂಗಡಿಗಳು ಆ ಕಾಯ್ದೆಯ ಒಳಗೆ ಬರಲಿಲ್ಲ, ಅದಕ್ಕೆ 1968ರ ಕಾಯ್ದೆ ಬೇಕಾಯ್ತು. ಕೌಂಟರಿನ ಆಚೆಯ ಕೈ ನಿಮಗೆ ಸಾಮಾನು ಕೊಡಲ್ಲ ಅಂದ್ರೆ, ಆ ಮೂರು ವರ್ಷ ಕಾನೂನಲ್ಲಿ ಕೇಳೋ ದಾರಿ ಇರಲಿಲ್ಲ.

ಹಾಲುಗಳು ಖಾಲಿಯಾಗೋಕೆ ಕಾರಣ ಎರಡು ಮೂರು. ಟ್ವಿಸ್ಟ್ ಅನ್ನೋ ಹೊಸ ಕುಣಿತ ಬಂದ ಮೇಲೆ ಕುಣಿಯೋಕೆ ಜೋಡಿ ಬೇಕಿರಲಿಲ್ಲ, ಹುಡುಗಿಯರು ಯಾರಾದ್ರೂ ಕರೀಲಿ ಅಂತ ಗೋಡೆಗೆ ಒರಗಿ ಕಾಯಬೇಕಿರಲಿಲ್ಲ. ಅದು ಒಳ್ಳೇದೇ ಆಯ್ತು. ಹದಿನೈದು ಜನರ ಬ್ಯಾಂಡಿಗೆ ಬದಲು ನಾಲ್ಕು ಹುಡುಗರ ಗಿಟಾರ್ ತಂಡಕ್ಕೆ ಸಂಬಳ ಕೊಟ್ಟರೆ ಸಾಕಾಯ್ತು. 1961ರಿಂದ ವ್ಯಾಪಾರಕ್ಕೆ ಬಿಂಗೊ, ಅಂದ್ರೆ ನಂಬರ್ ಕೂಗಿ ಆಡೋ ಜೂಜು, ಆಡಿಸೋದು ಕಾನೂನುಬದ್ಧ ಆದಾಗ, ಎಷ್ಟೋ ಹಾಲುಗಳಲ್ಲಿ ಆ ನೆಲದ ಮೇಲೆಯೇ ಮೇಜು ಕುರ್ಚಿ ಬಂದು ಕೂತವು.

[ಪರದೆ: ಇವತ್ತಿನ ದೃಶ್ಯಗಳು]

ಲಂಡನ್ನಿನ ಡ್ಯಾನ್ಸ್ ಹಾಲ್ ಹ್ಯಾಮರ್‌ಸ್ಮಿತ್ ಪ್ಯಾಲೇ 2007ರಲ್ಲಿ ಮುಚ್ಚಿತು. ಬ್ಲ್ಯಾಕ್‌ಪೂಲಿನಲ್ಲಿ, ದಕ್ಷಿಣ ಲಂಡನ್ನಿನ ರಿವೋಲಿ ಬಾಲ್‌ರೂಮಿನಲ್ಲಿ ಇನ್ನೂ ಕುಣೀಬಹುದು. ರಬ್ಬರ್ ಅಟ್ಟೆ ಬೇಡ, ಚರ್ಮದ ಅಟ್ಟೆಯ ಬೂಟು ಹಾಕ್ಕೊಂಡು ಹೋಗಿ. ಅಂಗಡಿ ನೋಡಬೇಕು ಅಂದ್ರೆ ಡರ್ಹಮ್ ಜಿಲ್ಲೆಯ ಬೀಮಿಷ್ ವಸ್ತುಸಂಗ್ರಹಾಲಯ. ಆನ್‌ಫೀಲ್ಡ್ ಪ್ಲೇನ್ ಊರಿನ ಕೋ-ಆಪ್ ಅಂಗಡಿಯನ್ನ ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿದ್ದಾರೆ. ಒಳಗೆ ಹೋದ ತಕ್ಷಣ ತಲೆ ಎತ್ತಿ ನೋಡಿ. ಅಲ್ಲಿರೋದು ತಂತಿಗಿಂತ ಹಳೇ ಬಗೆ: ಇಳಿಜಾರು ಹಳಿ ಮೇಲೆ ಉರುಳುವ ಟೊಳ್ಳು ಮರದ ಚೆಂಡು, ಅದರ ಹೊಟ್ಟೇಲಿ ದುಡ್ಡು. ಈ ಪದ್ಧತೀಲಿ ಒಂದೊಂದು ಕೌಂಟರಿಗೂ ಒಂದೊಂದು ಅಳತೆಯ ಚೆಂಡು. ಚಿಲ್ಲರೆ ಹೊತ್ತು ಉರುಳ್ತಾ ಬಂದ ಚೆಂಡು ತನ್ನ ಅಳತೆಯ ಜಾಗ ಸಿಕ್ಕಿದ ಕಡೆ ಇಳಿಯುತ್ತೆ, ಬೇರೆಯವರ ಕೌಂಟರಿಗೆ ಹೋಗಲ್ಲ.