ಬೆಳಕು ಹೊಕ್ಕು ಸದ್ದಾಗಿ ಬರುವಾಗ

ಕೇಳುಗರೇ, ನಮಸ್ಕಾರ.

ಬಿಸಿಲಿನ ಕಿರಣವನ್ನು ತಡೆತಡೆದು ಬಿಟ್ಟರೆ, ಅದು ಬಿದ್ದ ತೆಳು ಬಿಲ್ಲೆ ಸದ್ದು ಮಾಡುತ್ತದೆ. 1880ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಕಂಡುಕೊಂಡದ್ದು ಇದನ್ನೇ. ಕೋತಿಗಳ ಮಿದುಳಿನ ಚಟುವಟಿಕೆ ನೋಡುವ ದ್ಯುತಿಧ್ವನಿ ಚಿತ್ರಣದ, ಅಂದರೆ ಬೆಳಕು ಹಾಯಿಸಿ ಹುಟ್ಟಿದ ಸದ್ದಿನಿಂದ ಚಿತ್ರ ಬಿಡಿಸುವ ವಿಧಾನದ, ಬೇರು ಇಲ್ಲಿದೆ.

ಬಿಸಿಲಿನ ಜಾಗದಲ್ಲಿ ಈಗ ಲೇಸರ್ ಬಂದಿದೆ. ಅದರ ಒಂದೊಂದು ಮಿಂಚೂ ಸುಮಾರು 5ರಿಂದ 10 ನ್ಯಾನೊಸೆಕೆಂಡಿನದು. ರಕ್ತದ ಹಿಮೋಗ್ಲೋಬಿನ್ ಬೆಳಕನ್ನು ಹೀರಿ ಬಿಸಿಯಾಗುತ್ತದೆ. ಬಿಸಿ ಎಂದರೆ ಡಿಗ್ರಿಯ ಸಾವಿರದಲ್ಲೊಂದು ಪಾಲಿನ ಆಸುಪಾಸು, ಅಷ್ಟೇ! ಅಷ್ಟಕ್ಕೇ ಸುಮಾರು 800 ಪ್ಯಾಸ್ಕಲ್ ಒತ್ತಡ ಹುಟ್ಟಿ, ಅಲ್ಟ್ರಾಸೌಂಡ್ ಅಲೆ ಹೊರಡುತ್ತದೆ. ಮೆದು ಅಂಗಾಂಶದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಹಾಗಾಗಿ 20 ಮೈಕ್ರೊಸೆಕೆಂಡಿನ ನಂತರ ಸಂವೇದಕಕ್ಕೆ ಮುಟ್ಟಿದ ಅಲೆ 3 ಸೆಂಟಿಮೀಟರ್ ದೂರದಿಂದ ಬಂದದ್ದು. ಸುತ್ತಲಿನ ಹಲವು ಸಂವೇದಕಗಳ ಲೆಕ್ಕ ಕೂಡಿಸಿದರೆ ರಕ್ತನಾಳಗಳ ಚಿತ್ರ ಮೂಡುತ್ತದೆ.

ಬಣ್ಣ ಬದಲಿಸಿದರೆ ಇನ್ನಷ್ಟು ತಿಳಿಯುತ್ತದೆ. 760 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಹೆಚ್ಚು ಹೀರುತ್ತದೆ, 850ರಲ್ಲಿ ಆಮ್ಲಜನಕ ಹೊತ್ತದ್ದು. 800ರ ಹತ್ತಿರ ಎರಡೂ ಸಮ, ಅಲ್ಲಿ ಒಟ್ಟು ರಕ್ತದ ಪ್ರಮಾಣ ಸಿಗುತ್ತದೆ. ಆದರೆ ನೆನಪಿಡಿ, ಇಲ್ಲಿ ಕಾಣುವುದು ನರಕೋಶವಲ್ಲ, ಅದರ ಬೇಡಿಕೆಗೆ ಹರಿದುಬಂದ ರಕ್ತ. ಅದು ಏರಿ ತುದಿ ಮುಟ್ಟಲು ಕೆಲವು ಸೆಕೆಂಡುಗಳೇ ಬೇಕು.

ನಿಜವಾದ ತೊಡಕು ತಲೆಬುರುಡೆ. ಇಲಿಯದು ಅರ್ಧ ಮಿಲಿಮೀಟರಿಗಿಂತ ತೆಳು. ಮಕಾಕ್ ಕೋತಿಯದು ಕೆಲವು ಮಿಲಿಮೀಟರ್ ದಪ್ಪ. ಬೆಳಕು ಚದುರಿದರೂ ಒಂದಿಷ್ಟು ಒಳಹೋಗುತ್ತದೆ. ಪೆಟ್ಟು ಬೀಳುವುದು ಮರಳಿ ಬರುವ ಸದ್ದಿಗೆ. ಮೂಳೆ ಹೆಚ್ಚಿನ ಕಂಪನಾಂಕಗಳನ್ನು ನುಂಗುತ್ತದೆ, ಸಣ್ಣ ನಾಳಗಳ ವಿವರ ಅಲ್ಲೇ ಮಾಯ. ಮೂಳೆಯೊಳಗೆ ಸದ್ದಿನ ವೇಗವೂ ಸುಮಾರು ಎರಡು ಪಟ್ಟು, ಜೊತೆಗೆ ದಿಕ್ಕು ಬಾಗುತ್ತದೆ. 1500 ಎಂದೇ ಲೆಕ್ಕ ಹಾಕಿದರೆ ನಾಳ ತಪ್ಪು ಜಾಗದಲ್ಲಿ, ಮಸುಕಾಗಿ ಕಾಣುತ್ತದೆ. ಅದಕ್ಕೇ ಸಿ.ಟಿ. ಸ್ಕ್ಯಾನಿನಿಂದ ಬುರುಡೆಯ ದಪ್ಪ, ಆಕಾರ ಅಳೆದು ಲೆಕ್ಕ ತಿದ್ದುತ್ತಾರೆ. ಇಲ್ಲವೇ ಶಸ್ತ್ರಚಿಕಿತ್ಸೆಯಲ್ಲಿ ಮೂಳೆಯ ತುಂಡೊಂದನ್ನು ತೆಗೆದು ಕಿಟಕಿ ಮಾಡುತ್ತಾರೆ.

ಸಣ್ಣ ಎಡವಟ್ಟುಗಳೂ ಕಡಿಮೆಯಿಲ್ಲ. ಸಂವೇದಕ ಮತ್ತು ಚರ್ಮದ ನಡುವಿನ ಜೆಲ್‌ನಲ್ಲಿ ಗಾಳಿಗುಳ್ಳೆ ಸೇರಿದರೆ ಅಲೆ ಅಲ್ಲೇ ಹಿಂದಿರುಗುತ್ತದೆ. ಬೋಳಿಸದಿದ್ದರೆ ಕೂದಲೇ ಬೆಳಕು ಹೀರಿ, ತನ್ನದೇ ಸದ್ದು ಎಬ್ಬಿಸುತ್ತದೆ. ಸಂಕೇತ ದುರ್ಬಲವೆಂದು ಲೇಸರನ್ನು ಮನಬಂದಂತೆ ಏರಿಸುವಂತಿಲ್ಲ, ಚರ್ಮಕ್ಕೆ ಸುರಕ್ಷತಾ ಮಿತಿಯಿದೆ. ಬದಲಿಗೆ ಮಿದುಳನ್ನು ಚುರುಕುಗೊಳಿಸುವ ಅದೇ ಪ್ರಚೋದನೆಯನ್ನು ಮತ್ತೆ ಮತ್ತೆ ಕೊಟ್ಟು ಸರಾಸರಿ ತೆಗೆಯಬೇಕು: 100 ಸಲ ಮಾಡಿದರೆ ಸಂಕೇತದಲ್ಲಿ ಬೆರೆತ ಗದ್ದಲ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ.

ಅಷ್ಟು ಹೊತ್ತು ಕೋತಿ ಅಲುಗಬಾರದಲ್ಲ? ಅರಿವಳಿಕೆ ಕೊಡಬಹುದು, ಆದರೆ ಐಸೊಫ್ಲುರೇನ್ ಎಂಬ ಅರಿವಳಿಕೆ ತಾನೇ ರಕ್ತನಾಳಗಳನ್ನು ಹಿಗ್ಗಿಸಿ, ಅಳೆಯಬೇಕಾದ ಪ್ರತಿಕ್ರಿಯೆಯನ್ನೇ ಕುಗ್ಗಿಸುತ್ತದೆ. ಆದ್ದರಿಂದ ಎಚ್ಚರದಲ್ಲೇ, ತಲೆ ಅಲುಗದಂತೆ ಕೂರಲು ಪ್ರಾಣಿಯನ್ನು ಮೊದಲು ನಿಧಾನವಾಗಿ ಪಳಗಿಸುತ್ತಾರೆ. ಬಹುಮಾನದ ಹಣ್ಣಿನ ರಸ ಗುಟುಕರಿಸುವಾಗ ದವಡೆ ಆಡಿದ ಕ್ಷಣಗಳ ದಾಖಲೆಯನ್ನು ಮಾತ್ರ ಪಕ್ಕಕ್ಕಿಡಬೇಕಾಗುತ್ತದೆ.

ನಮಸ್ಕಾರ.