ರೊಟ್ಟಿಯಲ್ಲಿ ಸಿಕ್ಕ ಕೂದಲು

ಕೇಳುಗರಿಗೆ ನಮಸ್ಕಾರ.

ಕಲಬುರಗಿಯ ಖಾನಾವಳಿಯೊಂದರಲ್ಲಿ ಊಟಕ್ಕೆ ಕುಳಿತಿದ್ದೆ. ಎರಡನೆಯ ಜೋಳದ ರೊಟ್ಟಿ ಮುರಿದಾಗ ನಾಲ್ಕು ಬೆರಳುದ್ದದ ಕರಿ ಕೂದಲೊಂದು ಜೊತೆಗೇ ಎಳೆದುಕೊಂಡು ಬಂತು. ರೊಟ್ಟಿ ಬಡಿಯುತ್ತಿದ್ದ ಅಕ್ಕ ಮುಖ ಎತ್ತದೆ, "ಹಿತ್ತಲಲ್ಲಿ ಆಡು ಕಟ್ಟಿದ್ದೇವೆ ಸರ್, ಅದರದ್ದೇ ಇರಬೇಕು" ಎಂದರು. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವವನು. ವಾದ ಮಾಡಲಿಲ್ಲ. ಕೂದಲನ್ನು ಕಾಗದದಲ್ಲಿ ಮಡಚಿ ಜೇಬಿಗೆ ಹಾಕಿಕೊಂಡೆ.

ಮರುದಿನ ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಕೂದಲಿನ ಮೈಮೇಲೆ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಹೊದ್ದ ತೆಳು ಪೊರೆಗಳಿರುತ್ತವೆ. ಅದರೊಳಗೆ ಬಣ್ಣದ ಕಣಗಳನ್ನು ಹೊತ್ತ ಕಾರ್ಟೆಕ್ಸ್, ನಟ್ಟನಡುವೆ ಮೆಡುಲ್ಲಾ. ಜೋಳದ ದಂಟನ್ನು ಸೀಳಿ ಬೆಂಡು ತೆಗೆದು ಆಡಿದವರಿಗೆ ಮೆಡುಲ್ಲಾ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಆಡಿನ ಒರಟು ಕೂದಲಿನಲ್ಲಿ ಈ ಬೆಂಡು ಅರ್ಧಕ್ಕಿಂತ ಹೆಚ್ಚು ಜಾಗ ತುಂಬಿರುತ್ತದೆ. ಮನುಷ್ಯರಲ್ಲಿ ಅದು ಅಗಲದ ಮೂರನೇ ಒಂದು ಭಾಗಕ್ಕಿಂತ ಕಡಿಮೆ, ಎಷ್ಟೋ ಸಲ ತುಂಡು ತುಂಡು, ಕೆಲವೊಮ್ಮೆ ಇರುವುದೇ ಇಲ್ಲ. ನನ್ನ ಜೇಬಿನ ಕೂದಲಿನಲ್ಲಿ ಅಲ್ಲಲ್ಲಿ ಹರಿದ ಸಣ್ಣ ಗೆರೆ ಮಾತ್ರ ಇತ್ತು. ಆಡು ನಿರಪರಾಧಿ.

ಬುಡ ಬೆಂಕಿಕಡ್ಡಿಯ ತಲೆಯಂತೆ ಗುಂಡಗಿತ್ತು. ಎಂದರೆ ಯಾರೂ ಕಿತ್ತದ್ದಲ್ಲ, ಆಯುಸ್ಸು ಮುಗಿದು ತಾನಾಗಿ ಉದುರಿದ್ದು. ದಿನಕ್ಕೆ 50ರಿಂದ 100 ಕೂದಲು ಹೀಗೆ ಉದುರುತ್ತವೆ. ಹೊಡೆದಾಟದಲ್ಲಿ ಕಿತ್ತು ಬಂದ ಕೂದಲಿಗಾದರೆ ಬುಡದ ಜೀವಕೋಶಗಳು ಅಂಟಿಕೊಂಡಿರುತ್ತವೆ. ಅವುಗಳ ಡಿಎನ್‌ಎ ಒಬ್ಬ ವ್ಯಕ್ತಿಯನ್ನೇ ಬೊಟ್ಟು ಮಾಡಿ ತೋರಿಸಬಲ್ಲದು. ಉದುರಿದ ಕೂದಲಿನಿಂದ ಸಾಮಾನ್ಯವಾಗಿ ದೊರೆಯುವುದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಡಿಎನ್‌ಎ. ಅದು ತಾಯಿಯ ಕಡೆಯಿಂದ ಬರುವಂಥದ್ದು. ಅಕ್ಕ, ತಮ್ಮ, ಸೋದರಮಾವ, ಎಲ್ಲರದ್ದೂ ಒಂದೇ!

ಬರೀ ಕಣ್ಣಳತೆಯಲ್ಲಿ "ಇದು ಇವನದೇ" ಎಂದವರು ಎಡವಿದ್ದೂ ಇದೆ. 1978ರಲ್ಲಿ ವಾಷಿಂಗ್ಟನ್‌ನಲ್ಲಿ ಟ್ಯಾಕ್ಸಿ ಚಾಲಕನೊಬ್ಬನ ಕೊಲೆಯಾಯಿತು. ಕೂದಲು ಹೋಲುತ್ತದೆ ಎಂಬ ಸಾಕ್ಷ್ಯದ ಬಲದಲ್ಲಿ ಶಿಕ್ಷೆಗೊಳಗಾದ ಯುವಕ 28 ವರ್ಷ ಸೆರೆಯಲ್ಲಿ ಕಳೆದ. ಮುಂದೆ 13 ಕೂದಲುಗಳ ಡಿಎನ್‌ಎ ಪರೀಕ್ಷೆ ನಡೆಯಿತು. ಒಂದೂ ಅವನದಲ್ಲ, ಒಂದಂತೂ ನಾಯಿಯದು! ಹಳೆಯ ಮೊಕದ್ದಮೆಗಳಲ್ಲಿ ತನ್ನ ತಜ್ಞರು ಕೂದಲಿನ ಬಗ್ಗೆ ನುಡಿದ ಸಾಕ್ಷ್ಯವನ್ನು ಪರಿಶೀಲಿಸಿದ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ, ಅವುಗಳಲ್ಲಿ ಕನಿಷ್ಠ ಶೇಕಡಾ 90ರಲ್ಲಿ ತಪ್ಪು ಹೇಳಿಕೆಗಳಿದ್ದವೆಂದು 2015ರಲ್ಲಿ ಒಪ್ಪಿಕೊಂಡಿತು. ಇದು ಯಾರದಲ್ಲ ಎನ್ನುವುದರಲ್ಲಿ ಕೂದಲು ಗಟ್ಟಿ ಸಾಕ್ಷಿ. ಯಾರದ್ದು ಎಂದು ಅದೊಂದರಿಂದಲೇ ಹೇಳಿಸಹೊರಟರೆ ನನಗೆ ಅನುಮಾನ.

ಏನು ಕುಡಿದೆ ಎಂದು ಕೇಳಿ ನೋಡಿ, ಆಗ ಅದರ ಮಾತೇ ಬೇರೆ. ಕೂದಲನ್ನು ಕಟ್ಟಿರುವ ಕೆರಾಟಿನ್ ಎಂಬ ಪ್ರೋಟೀನ್‌ನಲ್ಲಿ ಗಂಧಕವಿದೆ. ದೇಹ ಸೇರಿದ ಆರ್ಸೆನಿಕ್ ಎಂಬ ವಿಷ ಅದಕ್ಕೆ ಅಂಟಿಕೊಂಡು ಕೂದಲಿನೊಂದಿಗೇ ಮೇಲೆ ಬರುತ್ತದೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳವಣಿಗೆ. ಬುಡದಿಂದ ಅಳೆದು ತುಂಡು ಮಾಡಿದರೆ ವಿಷ ಯಾವ ತಿಂಗಳ ಸುಮಾರಿಗೆ ಒಳಹೋಯಿತೆಂಬ ಅಂದಾಜು ಸಿಗುತ್ತದೆ. ದೂರದ ಮಾತಲ್ಲ. ನಮ್ಮ ಯಾದಗಿರಿ ಜಿಲ್ಲೆಯ ಮಂಗಳೂರು (ಕರಾವಳಿಯದಲ್ಲ) ಚಿನ್ನದ ಗಣಿಯ ಆಸುಪಾಸಿನಲ್ಲಿ ವಿಜ್ಞಾನಿಗಳು 59 ಕೊಳವೆಬಾವಿಗಳ ನೀರು ಪರೀಕ್ಷಿಸಿದರು. 171 ನಿವಾಸಿಗಳ ಕೂದಲು ಮತ್ತು ಉಗುರನ್ನೂ ಸಂಗ್ರಹಿಸಿದರು. 2013ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಕೂದಲು, ಉಗುರಿನ ಎಲ್ಲ ಮಾದರಿಗಳಲ್ಲೂ ಆರ್ಸೆನಿಕ್ ಹೆಚ್ಚಾಗಿತ್ತು. ಅಲ್ಲಿ ಕೊಲೆಗಾರನಿರಲಿಲ್ಲ, ಪಂಚನಾಮೆ ಬರೆಯಲು ಯಾರೂ ಬಂದಿರಲಿಲ್ಲ. ಆದರೂ ಸಾಕ್ಷ್ಯ ಜನರ ತಲೆಯ ಮೇಲೆಯೇ ಬೆಳೆದು ನಿಂತಿತ್ತು.

ವಾರ ಬಿಟ್ಟು ಅದೇ ಖಾನಾವಳಿಗೆ ಹೋದೆ. "ಅಕ್ಕಾ, ಆಡಿನದ್ದಲ್ಲ, ಮನುಷ್ಯರದ್ದು" ಎಂದೆ.

"ಯಾರದ್ದು ಸರ್?"

"ಅದನ್ನು ಹೇಳಲಾರೆ. ನನ್ನದಂತೂ ಅಲ್ಲ" ಎಂದು ಬೋಳು ತಲೆ ಸವರಿಕೊಂಡೆ.

ಅಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು.